ಕಿಟ್ಟಣ್ಣನಿದ್ದ ಅರ್ಧ ಫೋಟೋ

ಸಿಡ್ನಿಯ ಎಪ್ಪಿಂಗ್‌ನಲ್ಲಿ ಸ್ವಂತ ಮನೆ, ಇಂಜಿನಿಯರ್ ಕೆಲಸ. ಚಕ್ರಪಾಣಿಗೆ ಏನು ಕಮ್ಮಿಯಾಗಿತ್ತು ಹೇಳಿ? ಆದರೂ ೧೯೮೮ರಲ್ಲಿ ರಾಷ್ಟ್ರನಾಯಕರ ವಂಶಜರ ಸಂಘ ಅಂತ ಒಂದು ಶುರುವಾದಾಗ ಪುಣ್ಯಾತ್ಮನಿಗೆ ತಡೆಯಲಾಗಲಿಲ್ಲ. ಸ್ವಾತಂತ್ರ್ಯ ಹೋರಾಟದ ಹುಲಿಕೆರೆ ಶಾಮರಾಯರಿಗೆ ಹೆಸರು ಬದಲಿಸಿಕೊಂಡು ಮನೆಬಿಟ್ಟು ಹೋದ ಕಿರಿಮಗನೊಬ್ಬನಿದ್ದ. ಅವನ ಮಗ ನಾನು ಅಂತ ಬರೆದುಕೊಟ್ಟೇಬಿಟ್ಟ.

ನಿಜಕ್ಕೂ ಇವನ ತಾತ ಕಿಟ್ಟಣ್ಣ ರಾಯರ ಮನೆಯ ಅಡುಗೆಯವನು. ರಾಯರ ಪಕ್ಕ ಸೌಟು ಹಿಡಿದು ನಿಂತಿದ್ದ ತಾತನ ಒಂದೇ ಒಂದು ಫೋಟೋ ಇತ್ತು. ಇವನೋ ತಾತನದೇ ಪಡಿಯಚ್ಚು, ನೋಡಿದವರಿಗೆ ಗೊತ್ತಾಗದೆ ಇರುತ್ತದೆಯೇ? ತಾತನನ್ನು ಕತ್ತರಿಸಿ ಚೂರುಚೂರು ಮಾಡಿ ಬಿಸಾಕಿ, ರಾಯರನ್ನಷ್ಟೇ ಗೋಡೆಗೆ ಹಾಕಿದ. ಹೆಂಡತಿ ತೀರಿಕೊಂಡಿದ್ದಳು, ಕೇಳುವವರೂ ಇರಲಿಲ್ಲ.

ಆರು ವರ್ಷ ವೇದಿಕೆ ಹತ್ತಿ ಹಾರ ಹಾಕಿಸಿಕೊಂಡಿದ್ದಾಯಿತು. ಒಂದು ದಿನ ಮೆಲ್ಬರ್ನ್‌ನಿಂದ ಮಗಳು ಪ್ರಣತಿಯ ಫೋನ್ ಬಂತು.

"ಅಪ್ಪಾ, ಗೌತಮ್‌ನ ಮದುವೆ ಆಗ್ತೀನಿ. ಶನಿವಾರ ಅವನ ಅಜ್ಜೀನೂ ಬರ್ತಾರೆ. ಅವರೂ ಶಾಮರಾಯರ ಫ್ಯಾಮಿಲೀನೇ ಅಂತೆ, ಸೂಪರ್ ಅಲ್ವಾ?"

ಚಕ್ರಪಾಣಿ ಫೋನಿಟ್ಟು ಲೆಕ್ಕ ಹಾಕಿದ. ಒಂದೇ ವಂಶ, ಒಂದೇ ಗೋತ್ರ. ಇವನು ಬರೆದುಕೊಟ್ಟ ಪ್ರಕಾರ ಹುಡುಗ ಹುಡುಗಿ ಅಣ್ಣ ತಂಗಿ! ಅಯ್ಯೋ ದೇವರೇ, ಬೇಕಿತ್ತಾ ಈ ಉಸಾಬರಿ?

ಅಜ್ಜಿ ಭಾಗೀರಥಮ್ಮ ರಾಯರ ಹಿರಿಸೊಸೆ. ಬಂದವರೇ ಫೋಟೋಗೆ ಕೈಮುಗಿದರು.

"ನಮ್ಮ ಮಾವನವರು! ನೀವು ಯಾರ ಮಗ?"

ಪ್ರಣತಿ ಸೀರೆ ಉಟ್ಟು ನಗುತ್ತ ನಿಂತಿದ್ದಳು. ಅವಳ ಮುಖ ನೋಡಿ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ.

"ನಾನು ವಂಶದವನಲ್ಲಮ್ಮಾ. ಅಡುಗೆ ಕಿಟ್ಟಣ್ಣನ ಮೊಮ್ಮಗ."

ಅಜ್ಜಿ ನಂಬಲಿಲ್ಲ.

"ಆರು ವರ್ಷ ಹೇಳಿದ್ದು ಸುಳ್ಳು, ಮಗಳ ಮದುವೆಗೆ ಅಡ್ಡ ಬಂದಾಗ ಹೇಳಿದ್ದು ನಿಜಾನಾ? ನಾನು ಆ ಮನೆ ಸೇರೋ ಹೊತ್ತಿಗೆ ಕಿಟ್ಟಣ್ಣ ಇರಲಿಲ್ಲ. ಏನಾದ್ರೂ ಗುರುತು ಇದೆಯಾ?"

ಫೋಟೋ ಹತ್ತಿರ ಓಡಿದ. "ನೋಡಿ, ಅಂಚಲ್ಲಿ ಸೌಟಿನ ತುದಿ ಇದೆ. ಅದು ನಮ್ಮ ತಾತಂದು!"

"ಸೌಟಿಗೆ ಮುಖ ಇರುತ್ತೇನ್ರೀ? ಇನ್ನರ್ಧ ತನ್ನಿ. ನಿಮ್ಮ ಹೋಲಿಕೆ ಕಂಡ್ರೆ ಇವತ್ತೇ ಲಗ್ನ ಇಡಿಸೋಣ. ಇಲ್ಲಾಂದ್ರೆ ಅಣ್ಣ ತಂಗಿಗೆ ಮದುವೆ ಮಾಡಿಸೋ ಪಾಪ ನನಗೆ ಬೇಡ."

ಪ್ರಣತಿಯ ಮುಖ ಅರಳಿತು.

"ಅಪ್ಪಾ, ಬೇಗ ತಗೊಂಡ್ ಬಾ. ಎಲ್ಲಿಟ್ಟಿದೀಯಾ?"