ಕರಡಿಯ ಸರದಿ

ಪಖಾಳಕ್ಕೆಂದು ಅನ್ನದ ಗಡಿಗೆಗೆ ನೀರು ಸುರಿಯುತ್ತಲೇ ಕುಂತಳಾ ಬಾಗಿಲ ಮೂಲೆಗೆ ಮತ್ತೊಮ್ಮೆ ಕಣ್ಣು ಹಾಯಿಸಿದಳು. ಕೋಲು ಇರಲಿಲ್ಲ.

ಊರ ಕಾಡು ಕಾಯುವ ಕೋಲು ಅದು. ಕಾದು ಬಂದವರು ಸಂಜೆ ಅದನ್ನು ಪಕ್ಕದ ಮನೆಯ ಬಾಗಿಲಿಗೆ ಒರಗಿಸಿದರೆ ಮುಗಿಯಿತು, ಮರುದಿನ ಆ ಮನೆಯ ಸರದಿ. ಕುಂತಳಾಗೆ ಆ ದಿನ ಹಬ್ಬಕ್ಕಿಂತ ಹೆಚ್ಚು. ಗುಡ್ಡದ ಮೇಲೆ ಸಂಜೆಯವರೆಗೂ "ಬೋಹೂ" ಎಂದು ಸೊಸೆಯನ್ನು ಕೂಗುವವರಿಲ್ಲ. ಅವಳದೇ ಎನ್ನಲು ಇದ್ದದ್ದು ಆ ಒಂದೇ ದಿನ. ಅದೂ ತಿಂಗಳಿಗೊಮ್ಮೆ.

"ನಿನ್ನೆ ಸಂಜೇನೇ ಇಟ್ಟಿದ್ದೀನಿ ಭಾವುಜ, ಜಗನ್ನಾಥನ ಆಣೆ!" ಅವಳನ್ನು ಅತ್ತಿಗೆಯೆಂದೇ ಕರೆಯುವ ಪಕ್ಕದ ಮನೆಯ ಝುನು ಬೇಲಿಯಾಚೆಯಿಂದ ಕೂಗಿದಳು. "ನಿಮ್ಮತ್ತೆ ಒಲೆಗೆ ಹಾಕಿದ್ರೋ ಏನೋ."

"ನಿನ್ನ ನಾಲಿಗೆ ಹಾಕ್ತೀನಿ ಒಲೆಗೆ," ಎಂದರು ಅತ್ತೆ ಒಳಗಿನಿಂದ. "ಕೋಲಿಲ್ಲ ಅಂದ್ರೆ ಸರದಿಯಿಲ್ಲ. ಬೋಹೂ, ಭತ್ತ ಬೇಯಿಸೋಕಿಡು."

ಮಧ್ಯಾಹ್ನ ಊರ ಹಿರಿಯ ಬಾಂಛಾನಿಧಿ ಅಜ್ಜ ಏದುಸಿರು ಬಿಡುತ್ತ ಬಂದ. ಪೂರ್ವದ ಇಳಿಜಾರಿನಲ್ಲಿ, ಕರಡಿ ಗವಿಯ ಬಾಯಿಗೆ, ಕೋಲು ನೆಟ್ಟಗೆ ನಿಂತಿದ್ದು ದೂರದಿಂದ ಕಂಡಿತಂತೆ.

"ತರಬಾರದಿತ್ತಾ ಅಜ್ಜಾ?"

"ಇನ್ನೊಬ್ಬರ ಬಾಗಿಲಲ್ಲಿರೋ ಕೋಲು ಮುಟ್ಟಬಾರದು ಅಂತ ಕಟ್ಟು ಮಾಡಿದವರು ನಾವೇ. ಕರಡಿಗೊಂದು, ನಮಗೊಂದಾ?"

ಸಭೆ ಸೇರಿ ತಲೆದೂಗಿತು. ಸರದಿ ಕರಡಿಯದು. ಮುಗಿದ ಮೇಲೆ ಅದೇ ತಂದಿಡಬೇಕು. "ಯಾರ ಬಾಗಿಲಿಗೆ ತಂದಿಡುತ್ತೆ?" ಎಂದು ಝುನು ಕೇಳಿದ್ದೇ ತಡ, ಕತ್ತಲಾಗುವ ಮೊದಲೇ ಊರೆಲ್ಲ ಕದ ಹಾಕಿಕೊಂಡಿತು.

ವಾರ ಕಳೆಯಿತು. ಕರಡಿ ಕಾವಲಿಗಿದೆ ಎಂದು ಕೇಳಿ, ಕದ್ದು ಸೌದೆ ಕಡಿಯುವ ಪಕ್ಕದೂರಿನವರೂ ಇತ್ತ ಸುಳಿಯಲಿಲ್ಲ. "ಇಷ್ಟು ನಿಯತ್ತಾಗಿ ನಾವು ಯಾರೂ ಕಾದಿಲ್ಲ. ಇನ್ನು ಅದಕ್ಕೇ ಬಿಟ್ಟುಬಿಡೋಣ," ಎಂದ ಅಜ್ಜ. ಅಲ್ಲಿಯವರೆಗೆ ನಗುತ್ತಿದ್ದ ಕುಂತಳಾಳ ಮುಖ ಸಪ್ಪಗಾಯಿತು. ಹಾಗಾದರೆ ತನ್ನ ದಿನ?

ಅಷ್ಟರಲ್ಲಿ ಲಿಪಿಕಾ ಭುವನೇಶ್ವರದಿಂದ ಮರಳಿದಳು. ಕಾಡಿನ ಅಧ್ಯಯನಕ್ಕೆಂದು ಬಂದು ಕುಂತಳಾಳ ಹೊರಕೋಣೆಯಲ್ಲಿದ್ದ ಹುಡುಗಿ ಅವಳು. ಹಗ್ಗದ ಚೌಕ ಕಟ್ಟಿ, ಒಳಗೆಷ್ಟು ಸಾಲ್ ಮರದ ಸಸಿ ಎದ್ದಿವೆ ಎಂದು ನೋಡಿ, ಎಲ್ಲಿ ಸೌದೆ ಕಡಿಯಬಹುದು, ಎಲ್ಲಿ ಮೇಕೆ ಬಿಡಬಾರದು ಎಂದು ಊರಿಗೆ ಹೇಳುತ್ತಿದ್ದಳು. ಪೂರ್ವದ ಇಳಿಜಾರಿಗೆ ಮೇಕೆ ಬೇಡವೆಂದು ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಊರು ಕಿವಿಗೆ ಹಾಕಿಕೊಂಡಿರಲಿಲ್ಲ.

ಕುಂತಳಾಳಿಂದ ಸುದ್ದಿ ಕೇಳಿ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ಮಾವುಸಿ, ಅವತ್ತು ನಸುಕಲ್ಲಿ ಬಾಗಿಲಲ್ಲಿದ್ದ ಕೋಲು ನಾನೇ ಒಯ್ದೆ. ಗವಿ ಮುಂದಿನ ಚೌಕಕ್ಕೆ ಒಂದು ಗೂಟ ಕಡಿಮೆ ಬಿದ್ದಿತ್ತು. ನೆಟ್ಟವಳು ಹಾಗೇ ಬಸ್ಸು ಹತ್ತಿದೆ."

"ಮತ್ತೆ ಕರಡಿ?"

"ಆ ಗವೀಲಿ ಬರೀ ಬಾವಲಿ. ಹೋಗಿ ಎಲ್ಲರಿಗೂ ಹೇಳಿಬಿಡ್ಲಾ?"

"ಸುಮ್ನಿರು. ಕೋಲು ಕದ್ದವರು ಊರಿಗೆಲ್ಲ ಅಡುಗೆ ಮಾಡಿ ಬಡಿಸಬೇಕು. ನೀನು ಮಾಡೋ ದಾಲ್ಮಾ ತಿನ್ನೋಕೆ ಊರೇನು ತಪ್ಪು ಮಾಡಿದೆ?"

ಕುಂತಳಾ ಸೀದಾ ಅಜ್ಜನ ಜಗಲಿಗೆ ಹೋದಳು. "ಕರಡಿಯ ನಂತರದ ಸರದಿ ನಂದು. ನಾನೇ ಕೇಳಿ ತರ್ತೀನಿ."

"ಕರಡಿ ಹಿಡ್ಕೊಂಡ್ರೆ?" ಹಿಂದೆಯೇ ಬಂದ ಅತ್ತೆ ಗಾಬರಿಯಾದರು.

"ನಿಮ್ಮ ಹೆಸರು ಹೇಳ್ತೀನಿ. ಬಿಟ್ಟುಬಿಡುತ್ತೆ."

ಇಳಿಜಾರಿನಲ್ಲಿ ಮನುಷ್ಯರ ಸದ್ದೇ ಇರಲಿಲ್ಲ. ಹಗ್ಗದೊಳಗೆ ಸಸಿಗಳ ಎಳೆಯೆಲೆ ತಾಮ್ರದ ಹಾಗೆ ಹೊಳೆಯುತ್ತಿತ್ತು. ಒಂದನ್ನೂ ತುಳಿಯದಂತೆ ಸುತ್ತು ಹಾಕಿ, ಬಂಡೆಯ ಮೇಲೆ ಕಾಲು ಚಾಚಿ ಕುಳಿತಳು. ಗಾಳಿಗೆ ಸೆರಗು ಜಾರಿದರೂ ಎಳೆದುಕೊಳ್ಳಲಿಲ್ಲ. ಹೊತ್ತು ಇಳಿಯುವಾಗಷ್ಟೇ ಕೋಲು ಕಿತ್ತು ಹೊರಟಳು.

ಊರೆಲ್ಲ ದಾರಿಯಲ್ಲಿ ನಿಂತಿತ್ತು. "ಕೊಡ್ತಾ?"

"ಕೊಡ್ತು. ಪೂರ್ವಕ್ಕೆ ಮೇಕೆ ಬಿಟ್ಟರೆ ಮಾತ್ರ ಮತ್ತೆ ಬರ್ತೀನಿ ಅನ್ನೋ ಹಾಗೆ ಗುರ್ ಅಂತು."

"ನಾಳೆಯಿಂದ ಒಂದು ಮೇಕೇನೂ ಆ ಕಡೆ ಹೋಗಕೂಡದು!" ಎಂದು ಅಜ್ಜ ಅಲ್ಲೇ ಆಜ್ಞೆ ಮಾಡಿದ. ಲಿಪಿಕಾ ಕೆಮ್ಮಿದಳು.

ಮನೆಯಲ್ಲಿ ಅತ್ತೆ ಸಮಾಧಾನದ ಉಸಿರು ಬಿಟ್ಟರು. "ಇಡೀ ದಿನ ಗುಡ್ಡದಲ್ಲಿದ್ದದ್ದಾಯ್ತು. ನಿನ್ನ ಸರದಿ ಮುಗೀತು. ಕೋಲು ಆಚೆಮನೆಗೆ ಇಟ್ಟು ಬಾ."

ಕುಂತಳಾ ಕೋಲು ಹಿಡಿದು ಅಂಗಳಕ್ಕಿಳಿದಳು. ಆಚೆಮನೆಯ ಬಾಗಿಲು ಆಗಲೇ ಹಾಕಿತ್ತು. ಇವತ್ತಿನದು ಕರಡಿಯ ಸರದಿ, ತಾನು ಕೋಲು ತಂದದ್ದಷ್ಟೇ. ತನ್ನದು ನಾಳೆ. ಅದನ್ನು ಯಾರಿಗೂ ಬಿಡಿಸಿ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಕೋಲನ್ನು ಸದ್ದಾಗದಂತೆ ತನ್ನದೇ ಬಾಗಿಲಿಗೆ ಒರಗಿಸಿ, ಕೈಕಾಲು ತೊಳೆಯಲು ಹೋದಳು.