ಬೆನ್ನ ಮೇಲಿನ ಬಿಳಿ ಕೈ

ಮಗಳು ಕಾಲೇಜಿನಿಂದ ಬಂದವಳು ಚಪ್ಪಲಿ ಬಿಟ್ಟು ನನ್ನ ಪಕ್ಕದಲ್ಲೇ ಹಾದು ಬಚ್ಚಲಿಗೆ ನಡೆದಳು. ನಾನು ಪಡಸಾಲೆಯಲ್ಲಿ ಹುರುಳಿಕಾಯಿ ಮುರಿಯುತ್ತ ಕೂತಿದ್ದೆ. ಅವಳ ನೀಲಿ ಅಂಗಿಯ ಬೆನ್ನಿನ ಮೇಲೆ, ಸೊಂಟದಿಂದ ಒಂದು ಗೇಣು ಮೇಲಕ್ಕೆ, ಒಂದು ಬಿಳಿ ಕೈ ಮೂಡಿತ್ತು. ಅಂಗೈ, ಹೆಬ್ಬೆರಳು, ಮೂರು ಬೆರಳು ನೆಟ್ಟಗೆ. ಕಿರುಬೆರಳು ಮಾತ್ರ ಮಿಕ್ಕವುಗಳ ಜೊತೆ ಸೇರದೆ ಹೊರಕ್ಕೆ ಸೊಟ್ಟಗೆ ಚಾಚಿತ್ತು. ಸಾವಿರ ಕೈಗಳ ನಡುವೆ ಇಟ್ಟರೂ ಆ ಬೆರಳನ್ನು ನಾನು ಗುರುತಿಸುತ್ತೇನೆ.

“ಐರಿನ್ ಮೇಡಂ ಹತ್ರ ಸೇರಿದೀಯಾ?” ಎಂದೆ.

ಉತ್ಪಲಾ ನಿಂತಳು. “ಯಾರು ಹೇಳಿದ್ರು?”

“ನಿನ್ನ ಬೆನ್ನೇ ಹೇಳ್ತಿದೆ. ಎಷ್ಟು ದಿನ ಆಯ್ತು?”

“ಎರಡು ತಿಂಗಳು.”

“ಲೈಬ್ರರಿಗೆ ಹೋಗ್ತೀನಿ ಅಂತಿದ್ದೆ.”

“ಇದಕ್ಕೆ ಅಂದಿದ್ರೆ ಬಿಡ್ತಿದ್ಯಾ?” ಎಂದಳು. ಆಮೇಲೆ ಸ್ವಲ್ಪ ಮೆತ್ತಗಾಗಿ, “ನಾನು ಹುಟ್ಟಿದಾಗಿಂದ ನೀನು ಬೈತಾ ಇರೋರು ಹೇಗಿರ್ತಾರೆ ನೋಡೋಣ ಅಂತ ಹೋದೆ ಅಮ್ಮ. ಹೋದ ಮೇಲೆ ಬಿಡೋಕೆ ಮನಸ್ಸಾಗ್ಲಿಲ್ಲ,” ಎಂದಳು.

ಈ ಮಾತು ನಡೆದು ಬಹಳ ವರ್ಷಗಳಾದವು. ನನ್ನ ಬಲಗೈ ಮೊಣಕೈ ಹತ್ತಿರ ಪೂರ್ತಿ ನೆಟ್ಟಗಾಗುವುದಿಲ್ಲ. ಮೇಲಿನ ಗೂಟಕ್ಕೆ ಚೀಲ ತಗುಲಿಸಬೇಕಾದರೂ ಎಡಗೈ ಬೇಕು. ಅದಕ್ಕೆ ಕಾರಣ ಆ ಸೊಟ್ಟ ಬೆರಳಿನ ಕೈ ಎಂದು ನಾನು ಊರಿಗೆಲ್ಲ ಸಾರಿಕೊಂಡು ಬಂದವಳು. ಹೆತ್ತ ಮಗಳು ಹೋಗಿ ಅದೇ ಕೈಗೆ ಬೆನ್ನು ಕೊಟ್ಟಿದ್ದಳು.

ಐರಿನ್ ಸಲ್ಡಾನಾ ನಮ್ಮೂರ ಹೆಣ್ಣುಮಕ್ಕಳ ಕಾಲೇಜಿಗೆ ಬಂದಾಗ ಅವರಿಗೆ ಇಪ್ಪತ್ತಾರು ವರ್ಷವಂತೆ. ಅಲ್ಲಿ ಜಿಮ್ನಾಸ್ಟಿಕ್ಸ್ ಇರಲಿ, ಓಡಲು ಒಂದು ಅಂಗಳವೂ ಇರಲಿಲ್ಲ. ಕಾಲೇಜಿನ ಹಿಂದೆ ಪಾಳು ಬಿದ್ದಿದ್ದ ದವಸದ ಗೋದಾಮನ್ನು ಬೇಡಿ ಪಡೆದು, ಹೆಗ್ಗಣ ಓಡಿಸಿ, ಗೋಣಿಯೊಳಗೆ ತೆಂಗಿನ ನಾರು ತುಂಬಿ ತಾವೇ ಹಾಸಿಗೆ ಹೊಲಿದರು. ಬಡಗಿಯ ಪಕ್ಕದಲ್ಲಿ ಕೂತು ಎರಡು ಸರಳುಗಳ ಚೌಕಟ್ಟು ಮಾಡಿಸಿದರು, ಒಂದು ಗಿಡ್ಡ, ಒಂದು ಎತ್ತರ. ಮೊದಲ ವರ್ಷ ಆರು ಹುಡುಗಿಯರು ಸೇರಿದರು. ಮನೆಯವರು ಉಡುಪು ನೋಡಿ ಗಲಾಟೆ ಮಾಡಿದ್ದರಿಂದ ನಾಲ್ವರು ಬಿಟ್ಟರು. ಮೇಡಂ ಮನೆಮನೆಗೆ ಹೋಗಿ, ಪಾದದವರೆಗೂ ಮುಚ್ಚುವ ಚಲ್ಲಣ ಹೊಲಿಸಿಕೊಟ್ಟು, ನಾಲ್ವರನ್ನೂ ವಾಪಸ್ ಕರೆತಂದರು. ಮೂರನೇ ವರ್ಷ ಮೊದಲ ಪಾರಿತೋಷಕ ಬಂತು. ಆಮೇಲೆ ನಿಲ್ಲಲಿಲ್ಲ. ನನ್ನ ಮಗಳು ಸೇರುವ ಹೊತ್ತಿಗೆ ಗೋದಾಮಿನ ಗೋಡೆಯಲ್ಲಿ ಹದಿನಾಲ್ಕು ಪಾರಿತೋಷಕಗಳು ಸಾಲಾಗಿ ನಿಂತಿದ್ದವು. ಅವರ ಕೈಯಲ್ಲಿ ಪಳಗಿದವರು ಪೊಲೀಸ್ ಇಲಾಖೆಯಲ್ಲಿ, ರೈಲ್ವೆಯಲ್ಲಿ, ಊರೂರಿನ ಶಾಲೆಗಳಲ್ಲಿ ಇದ್ದರು.

ಇದನ್ನೆಲ್ಲ ನಾನು ಒಪ್ಪುತ್ತಿದ್ದೆ, ಒಪ್ಪಿ ಕೊನೆಗೊಂದು ‘ಆದರೆ’ ಸೇರಿಸುತ್ತಿದ್ದೆ. ತೀರ್ಪುಗಾರರಿಗೆ ಮೇಡಂ ಮನೆಯಿಂದಲೇ ತಿಂಡಿ ಹೋಗುತ್ತದಂತೆ ಎಂದರೆ ನಂಬುತ್ತಿದ್ದೆ. ಬೇರೆ ಕಾಲೇಜಿನವರ ಸರಳಿಗೆ ಎಣ್ಣೆ ಸವರಿಸಿದರಂತೆ ಎಂದರೆ ಅದನ್ನೂ ನಂಬಿದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ನನ್ನ ಗಂಡ ಹಂಗಿಸುತ್ತಿದ್ದರು. “ನಿನಗೆ ಪಾಯಸದಲ್ಲೂ ಕಲ್ಲು ಸಿಗುತ್ತೆ,” ಎನ್ನುತ್ತಿದ್ದರು. ಸಿಗುತ್ತಿದ್ದದ್ದು ನಿಜ. ಹುಡುಕುವವರಿಗೆ ಸಿಗುತ್ತದೆ.

ನಾನೂ ಆ ಗೋದಾಮಿನಲ್ಲಿ ಕಲಿತವಳೇ. ಮೇಡಂ ಕಲಿಸುವಾಗ ಸರಳಿನ ಕೆಳಗೆ ಎಡಕ್ಕೆ ನಿಲ್ಲುತ್ತಿದ್ದರು. ಬೆವರಿಗೆ ಜಾರದಿರಲೆಂದು ನಾವು ಕೈಗೆ ಬಿಳಿ ಪುಡಿ ಹಚ್ಚಿಕೊಳ್ಳುವಂತೆ ಅವರೂ ಹಚ್ಚಿಕೊಳ್ಳುತ್ತಿದ್ದರು. ಎತ್ತರದ ಸರಳಿನಲ್ಲಿ ಜೋತು, ತೂಗಿ, ತುತ್ತತುದಿಯಲ್ಲಿ ಎರಡೂ ಕೈ ಬಿಟ್ಟು, ಗಾಳಿಯಲ್ಲಿ ಹಿಂದಕ್ಕೊಂದು ಲಾಗ ಹೊಡೆದು ನೆಲಕ್ಕಿಳಿಯುವುದು ಎಲ್ಲಕ್ಕಿಂತ ಕಷ್ಟದ್ದು. ಏರುವ ಮುನ್ನ ಪ್ರತಿಯೊಬ್ಬಳೂ ಕೇಳಬೇಕು: “ಕೈ ಇದೆಯಾ ಮೇಡಂ?” ಅವರು “ಇದೆ” ಎನ್ನಬೇಕು. ಇದು ಆ ಗೋದಾಮಿನ ಕಟ್ಟಳೆ. ಲಾಗದ ನಡುವೆ ಅವರ ಅಂಗೈ ಬೆನ್ನಿಗೆ ತಾಗಿ ನಮ್ಮನ್ನು ದಾಟಿಸುತ್ತಿತ್ತು. ಸಂಜೆ ನಾವು ಒಬ್ಬರ ಬೆನ್ನು ಒಬ್ಬರು ನೋಡಿಕೊಳ್ಳುತ್ತಿದ್ದೆವು. ಯಾರ ಬೆನ್ನಲ್ಲಿ ಬಿಳಿ ಕೈ ಕಡಿಮೆಯೋ ಅವಳು ಅಷ್ಟು ಕಲಿತಿದ್ದಾಳೆಂದು ಲೆಕ್ಕ.

ನನ್ನ ಕೊನೆಯ ವರ್ಷ ತಂಡದ ನಾಯಕಿಯ ಪಟ್ಟಕ್ಕೆ ಇಬ್ಬರಿದ್ದೆವು, ನಾನು ಮತ್ತು ಸರ್ವಮಂಗಳ. ಪಂದ್ಯಕ್ಕೆ ಹನ್ನೊಂದು ದಿನವಿತ್ತು. ನಾನು ಕೇಳಿದೆ, ಮೇಡಂ “ಇದೆ” ಎಂದರು. ನಾನು ತೂಗಿ ಕೈಬಿಟ್ಟೆ. ಮೇಡಂ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು! ಇದನ್ನು ನನ್ನ ಎರಡು ಕಣ್ಣುಗಳಿಂದ ಕಂಡೆ. ಮರುಗಳಿಗೆ ಬಲ ಮೊಣಕೈ ಮೇಲೆ ನೆಲಕ್ಕೆ ಬಿದ್ದೆ. ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದ ನನ್ನ ಅಂಗಿಯನ್ನು ಅಮ್ಮ ತಿರುಗಿಸಿ ನೋಡಿದಳು, ಬೆನ್ನಿನಲ್ಲಿ ಒಂದು ಬಿಳಿ ಚುಕ್ಕೆಯೂ ಇರಲಿಲ್ಲ. ಸರ್ವಮಂಗಳ ನಾಯಕಿಯಾದಳು. ಮೇಡಂ ನನ್ನನ್ನು ನೋಡಲು ಒಂದು ದಿನವೂ ಬರಲಿಲ್ಲ. ಇಷ್ಟು ಸಾಕ್ಷಿ ಇದ್ದ ಮೇಲೆ ಇನ್ನೇನು ಬೇಕು? ತನಗೆ ಬೇಕಾದವಳನ್ನು ಮುಂದೆ ತರಲು ನನ್ನನ್ನು ಬೀಳಿಸಿದರು ಎಂದು ತೀರ್ಮಾನಿಸಿದೆ. ಆ ತೀರ್ಮಾನವನ್ನು ಸಾಕಿ ಸಲಹಿ ದೊಡ್ಡದು ಮಾಡಿದೆ.

ಉತ್ಪಲಾಳನ್ನು ಬಿಡಿಸಲು ನೋಡಿದೆ. ಅವಳು ಊಟ ಬಿಟ್ಟಳು, ನಾನು ಸೋತೆ. ಕೊನೆಗೆ ಒಂದು ಷರತ್ತು ಹಾಕಿದೆ: ದಿನಾ ಸಂಜೆ ನಾನೂ ಬಂದು ಗೋದಾಮಿನ ಬೆಂಚಿನ ಮೇಲೆ ಕೂರುತ್ತೇನೆ. ಮೊದಲ ದಿನ ನಾನು ಒಳಹೊಕ್ಕಾಗ ಮೇಡಂ ನನ್ನನ್ನು ನೋಡಿದರು, ನನ್ನ ಮೊಣಕೈಯನ್ನು ನೋಡಿದರು, “ಕೂತ್ಕೋ” ಎಂದರು. ಅಷ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯಲ್ಲ ಆ ಹೆಂಗಸು. ತಲೆ ಪೂರ್ತಿ ನರೆತಿತ್ತು, ಗಂಟಲು ಮಾತ್ರ ಹಳೆಯದೇ. ಹುಡುಗಿಯರನ್ನು ಬೈಯುವುದು ಗೋದಾಮಿನ ಆಚೆಗೂ ಕೇಳುತ್ತಿತ್ತು.

ಆ ವರ್ಷ ಅವರ ನಿವೃತ್ತಿ. ಹದಿನೈದನೆಯ ಪಾರಿತೋಷಕ ಇಟ್ಟು ಹೋಗುವ ಆಸೆ ಅವರಿಗೆ ಇದ್ದೇ ಇರುತ್ತದೆ ಎಂದುಕೊಂಡೆ. ಆಸೆಯಿದ್ದವರು ಆತುರಪಡುತ್ತಾರೆ, ಆತುರಕ್ಕೆ ಯಾರದಾದರೂ ಮೂಳೆ ಮುರಿಯಬೇಕು. ಆದ್ದರಿಂದ ನಾನು ಅವರ ಮುಖ ನೋಡದೆ ಕೈ ನೋಡುತ್ತ ಕೂತೆ. ಮನೆಗೆ ಬಂದ ಮೇಲೆ ಮಗಳ ಬೆನ್ನು ನೋಡುತ್ತಿದ್ದೆ. ಮೊದಲು ಪೂರ್ತಿ ಅಂಗೈ ಇರುತ್ತಿತ್ತು. ಹದಿನೈದು ದಿನದ ಮೇಲೆ ಬರೀ ಬೆರಳುಗಳು. ಆಮೇಲೆ ಬೆರಳ ತುದಿಗಳು. ಪಂದ್ಯಕ್ಕೆ ಎರಡು ವಾರವಿದೆ ಎನ್ನುವಾಗ ಒಂದು ಸಂಜೆ ನೋಡಿದರೆ ಒಂದೇ ಒಂದು ಚುಕ್ಕೆ ಇತ್ತು. ಪಕ್ಕಕ್ಕೆ ಸರಿದ ಚುಕ್ಕೆ, ಸೊಟ್ಟ ಬೆರಳಿನದು.

ಮರುದಿನ ಹುಡುಗಿಯರೆಲ್ಲ ಹೋಗುವವರೆಗೆ ಕಾದೆ. ಉತ್ಪಲಾಳನ್ನೂ ಅವಳ ಸ್ಕೂಟರಿನಲ್ಲಿ ಮುಂದೆ ಕಳಿಸಿದೆ. ಮೇಡಂ ಹಾಸಿಗೆಯ ಮೇಲೆ ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸುತ್ತಿದ್ದರು.

“ಅವತ್ತು ಕೈ ತೆಗೆದಿದ್ರಿ,” ಎಂದೆ. ಯಾವತ್ತು ಎಂದು ಅವರು ಕೇಳಲಿಲ್ಲ.

“ತೆಗೆದಿದ್ದೆ.”

ಇಷ್ಟು ಸಲೀಸಾಗಿ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ಇಪ್ಪತ್ತು ವರ್ಷ ಮಸೆದಿಟ್ಟ ಮಾತುಗಳಲ್ಲಿ ಮೊದಲನೆಯದನ್ನೇ ತೆಗೆದೆ. “ಸರ್ವಮಂಗಳನ್ನ ಕ್ಯಾಪ್ಟನ್ ಮಾಡೋಕೆ ಅಲ್ವಾ?” ಎಂದೆ.

ಪೊರಕೆ ನಿಂತಿತು. “ಯಾರು ಹಾಗಂದಿದ್ದು? ಅವಳಿಗೆ ನಿನಗಿಂತ ಎಂಟು ದಿನ ಮುಂಚೇನೇ ತೆಗೆದಿದ್ದೆ. ಇಳಿದ್ಲು. ಕ್ಯಾಪ್ಟನ್ ಅಂತ ನಿನ್ನ ಹೆಸರು ಬರೆದು ಪ್ರಿನ್ಸಿಪಾಲರ ಟೇಬಲ್ ಮೇಲೆ ಇಟ್ಟಿದ್ದೆ ಕಣೆ. ಆಮೇಲೆ ಹೋಗಿ ವಾಪಸ್ ತಗೊಂಡೆ.”

“ಮತ್ತೆ, ‘ಇದೆ’ ಅಂದ್ರಲ್ಲ!”

“ಎಲ್ರಿಗೂ ಅಂತೀನಿ. ಇಲ್ಲ ಅಂದ್ರೆ ಯಾವಳು ಕೈಬಿಡ್ತಾಳೆ? ಇದೆ ಇದೆ ಅಂತ ಹೇಳಿ ದಿನಾ ಒಂದೊಂದು ಬೆರಳು ಹಿಂದಕ್ಕೆ ತಗೋತೀನಿ. ಒಂದಿನ ಏನೂ ಇರಲ್ಲ. ಅವತ್ತೂ ಇದೆ ಅಂತೀನಿ. ಇಳಿದ ಮೇಲೆ ಅವಳಿಗೊಬ್ಬಳಿಗೇ ಹೇಳ್ತೀನಿ, ಇವತ್ತು ಇರ್ಲಿಲ್ಲ, ನೀನೇ ಮಾಡಿದೆ, ಮಿಕ್ಕವರಿಗೆ ಹೇಳ್ಬೇಡ ಅಂತ. ಅವತ್ತಿಂದ ಅವಳಿಗೆ ನಾನು ಬೇಡ.”

“ಸುಳ್ಳು ಹೇಳಿ ಕಲಿಸ್ತೀರಿ.”

“ಹೌದು, ಸುಳ್ಳೇ. ಮೂವತ್ತೊಂದು ವರ್ಷ ಅದೇ ಸುಳ್ಳಲ್ಲಿ ಅನ್ನ ತಿಂದಿದೀನಿ. ಇನ್ನೂರು ಜನಕ್ಕೆ ಹೇಳಿರಬಹುದು. ಒಬ್ಬಳು ಬಿದ್ಲು.”

“ನಾನೇ ಯಾಕೆ ಬಿದ್ದೆ?”

ಅವರು ಪೊರಕೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ, “ನೀನು ತಿರುಗಿ ನೋಡಿದೆ,” ಎಂದರು. “ಲಾಗದ ಮಧ್ಯೆ ಕತ್ತು ಹೊರಳಿಸಿ ನನ್ನ ಕೈ ಎಲ್ಲಿದೆ ಅಂತ ನೋಡಿದೆ. ಕತ್ತು ಹೋದ ಕಡೆ ಮೈ ಹೋಗುತ್ತೆ. ನಿಂದೇನೂ ತಪ್ಪಿಲ್ಲ. ನೀನು ನೋಡೋ ಹುಡುಗಿ ಅಂತ ನನಗೆ ಗೊತ್ತಾಗ್ಬೇಕಿತ್ತು. ಪಂದ್ಯ ಹತ್ರ ಬಂತು ಅಂತ ಆತುರ ಮಾಡಿದೆ.”

“ಆಸ್ಪತ್ರೆಗೂ ಬರ್ಲಿಲ್ಲ.”

“ಹೆದರಿದ್ದೆ,” ಎಂದರು. ನನ್ನ ಮೊಣಕೈಯ ಕಡೆಗೆ ಅವರ ಕೈ ಅರ್ಧ ಚಾಚಿ ಹಿಂದೆ ಹೋಯಿತು. “ಉತ್ಪಲಾಗೆ ನಾಳೆ ತೆಗೀತೀನಿ. ನೀನು ಬೇಡ ಅಂದ್ರೆ ತೆಗೆಯಲ್ಲ. ಆದ್ರೆ ಆಮೇಲೆ ಅವಳನ್ನ ಸರಳಿಗೆ ಹತ್ತಿಸೋದ್ರಲ್ಲಿ ಅರ್ಥ ಇಲ್ಲ. ಅವಳಿಗೆ ಮೊದಲೇ ಹೇಳಿಬಿಟ್ರೂ ಅಷ್ಟೆ, ನೋಡೇ ನೋಡ್ತಾಳೆ. ಯೋಚನೆ ಮಾಡು.”

ನಾನು ಹೊರಟೆ. ದಾರಿಯುದ್ದಕ್ಕೂ ಒಳಗೊಳಗೇ ಜಗಳವಾಡಿದೆ. ಎಂಥ ಜಾಣೆ, ತಪ್ಪನ್ನು ನನ್ನ ಕತ್ತಿಗೇ ಕಟ್ಟಿದಳು! ನಾನು ತಿರುಗಿ ನೋಡಲಿಲ್ಲ ಎಂದು ಆಣೆ ಇಡಲು ಸಿದ್ಧಳಿದ್ದೆ. ಅಂಚೆ ಕಚೇರಿಯ ಮುಂದೆ ಬಂದಾಗ ಕಾಲು ತಾನಾಗಿ ನಿಂತಿತು. ಮೇಡಂ ಎರಡೂ ಕೈ ಹಿಂದೆ ಕಟ್ಟಿ ನಿಂತಿದ್ದನ್ನು ಕಣ್ಣಾರೆ ಕಂಡೆ ಎಂದು ಇಷ್ಟು ವರ್ಷ ಕಂಡಕಂಡವರಿಗೆ ಹೇಳಿದ್ದೆನಲ್ಲ. ಹಿಂದಕ್ಕೆ ಲಾಗ ಹೊಡೆಯುವವಳಿಗೆ ಕಾಣುವುದು ಮೊದಲು ಸೂರು, ಆಮೇಲೆ ನೆಲ. ಎಡಕ್ಕೆ ನಿಂತವರು ಕತ್ತು ಹೊರಳಿಸದೆ ಕಾಣುವುದುಂಟೇ? ನನ್ನ ಸಾಕ್ಷಿಯೇ ನನ್ನ ವಿರುದ್ಧ ನಿಂತಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿದರೆ ಪೆಟ್ಟಿಗೆಗೆ ಕಾಗದ ಹಾಕಲು ಬಂದವರೊಬ್ಬರು “ಏನಾಯ್ತಮ್ಮ?” ಎಂದರು. “ಧೂಳು,” ಎಂದು ನಡೆದೆ.

ಆದರೂ ಭಯ ಹೋಗಲಿಲ್ಲ. ಅನುಮಾನ ನನ್ನದು ಎಂದು ಗೊತ್ತಾದ ಮಾತ್ರಕ್ಕೆ ನೆಲ ಮೆತ್ತಗಾಗುತ್ತದೆಯೇ? ಉತ್ಪಲಾ ನನ್ನ ಮಗಳು. ಬಾಗಿಲಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡುವ ಬುದ್ಧಿ ಅವಳಿಗೂ ಇತ್ತು. ಹೇಳಿದರೆ ತಿರುಗುತ್ತಾಳೆ. ಹೇಳದಿದ್ದರೂ ತಿರುಗಿದರೆ?

ಬೆಳಿಗ್ಗೆ ಅವಳಿಗೆ ಉಪ್ಪಿಟ್ಟು ಬಡಿಸುತ್ತ, “ಕತ್ತು ಹೊರಳಿಸಬೇಡ,” ಎಂದೆ.

“ಅದನ್ನ ಮೊದಲ್ನೇ ದಿನಾನೇ ಹೇಳಿಕೊಟ್ಟಿದಾರೆ,” ಎಂದಳು. “ಯಾಕಮ್ಮ ಹಾಗೆ ನೋಡ್ತೀಯಾ?”

“ಏನಿಲ್ಲ, ಇನ್ನೊಂಚೂರು ಹಾಕ್ಕೋ,” ಎಂದೆ. ಇವತ್ತು ಹೋಗಬೇಡ ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದು ಹೋಯಿತು.

ಸಂಜೆ ಎಂದಿನಂತೆ ಬೆಂಚಿನ ಮೇಲೆ ಕೂತೆ. ಉತ್ಪಲಾ ಕೈಗೆ ಪುಡಿ ಹಚ್ಚಿಕೊಂಡು ಸರಳಿನ ಕೆಳಗೆ ಬಂದಳು. ಬಂದವಳು ಬೆಂಚಿನ ಕಡೆ ನೋಡಿದಳು. ಆಗ ಹೊಳೆಯಿತು: ನಾನು ಇಲ್ಲಿ ಕೂರತೊಡಗಿದಂದಿನಿಂದ ಅವಳು ದಿನವೂ ಏರುವ ಮುನ್ನ ಹೀಗೆ ನನ್ನತ್ತ ನೋಡುತ್ತಿದ್ದಳು. ನನ್ನ ಮುಖದಲ್ಲಿ ದಿನವೂ ಅವಳಿಗೆ ಏನು ಕಂಡಿರಬಹುದು! ಈಗಂತೂ ಆ ಮುಖ ಮುಚ್ಚಿಡುವ ಶಕ್ತಿ ನನಗಿರಲಿಲ್ಲ. ಬೆಂಚು ಇದ್ದದ್ದು ಸರಳಿನ ಎಡಕ್ಕೆ, ಮೇಡಂ ನಿಲ್ಲುವ ಕಡೆಗೇ. ಲಾಗದ ನಡುವೆ ಅವಳು ನನ್ನ ಮುಖ ಹುಡುಕಿದರೂ ಕತ್ತು ಹೊರಳಿದಂತೆಯೇ. ಮೇಡಂ ನನ್ನನ್ನು ನೋಡುತ್ತ ನಿಂತಿದ್ದರು, ನನ್ನ ಉತ್ತರಕ್ಕೆ ಕಾಯುತ್ತ.

ನಾನು ಎದ್ದೆ. “ನಿನ್ನ ಸ್ಕೂಟರ್ ಬಿಸಿಲಲ್ಲಿದೆ, ನೆರಳಿಗೆ ಹಾಕಿ ಬರ್ತೀನಿ,” ಎಂದು ಮಗಳಿಗೆ ಹೇಳಿ ಹೊರಗೆ ಬಂದು, ಗೋದಾಮಿಗೆ ಬೆನ್ನು ಮಾಡಿ, ಕಾಂಪೌಂಡ್ ಗೋಡೆಗೆ ಎದುರಾಗಿ ನಿಂತೆ. ಬಾಗಿಲು ಹಿಂದೆ ತೆರೆದೇ ಇತ್ತು.

“ಕೈ ಇದೆಯಾ ಮೇಡಂ?”

“ಇದೆ.”

ಸರಳು ಕಿರುಗುಟ್ಟಿತು. ಒಮ್ಮೆ ತೂಗಿತು, ಎರಡನೆಯ ಸಲ ಇನ್ನೂ ಜೋರಾಗಿ ತೂಗಿತು. ಮೂರನೆಯದಕ್ಕೆ ಸದ್ದೇ ನಿಂತಿತು. ನನ್ನ ಕತ್ತು ತಾನಾಗಿ ಹೊರಳತೊಡಗಿತು. ಎಡಗೈಯಿಂದ ನನ್ನ ಗದ್ದವನ್ನು ಬಿಗಿಯಾಗಿ ಹಿಡಿದುಕೊಂಡೆ.

ಹಾಸಿಗೆಯ ಮೇಲೆ ದಪ್ಪೆಂದು ಸದ್ದಾಯಿತು. ಒಂದೇ ಸದ್ದು. ಎರಡು ಪಾದವೂ ಒಟ್ಟಿಗೆ ಊರಿದಾಗ ಮಾತ್ರ ಹಾಗೆ ಕೇಳುತ್ತದೆ. ಆಮೇಲೆ ಹುಡುಗಿಯರ ಕೂಗು, ಚಪ್ಪಾಳೆ, ಅದರ ನಡುವೆ ಮೇಡಂ ಏನೋ ಹೇಳಿದ್ದು, ಉತ್ಪಲಾ ನಂಬದೆ ನಕ್ಕದ್ದು.

“ಅಮ್ಮಾ!” ಒಳಗಿನಿಂದ ಅವಳು ಕೂಗಿದಳು. “ನೋಡಿದ್ಯಾ?”

“ನೋಡ್ದೆ ಕಣೇ,” ಎಂದೆ, ಗೋಡೆಗೆ ಮುಖ ಮಾಡಿಕೊಂಡೇ.