ವಜ್ರಕ್ಕೆ ಒಂದು ಕೋಟಿ ವರ್ಷದ ಗ್ಯಾರಂಟಿ

ಸಿರುಗುಪ್ಪದ ಬಂಗಾರದಂಗಡಿಯ ಉಚ್ಚಂಗೆಪ್ಪ ವಜ್ರದ ಕೌಂಟರ್ ತೆರೆದಾಗ ಭಾಷಣಕ್ಕೆ ಕಾವೇರಿಯನ್ನು ಕರೆದದ್ದು ತಪ್ಪು ತಿಳಿವಳಿಕೆಯಿಂದ. ಆಕೆ 'ವಜ್ರದ ಡಾಕ್ಟರ್' ಎಂದು ಯಾರೋ ಅವನಿಗೆ ಹೇಳಿದ್ದರು. ನಿಜದಲ್ಲಿ ಕಾವೇರಿ ಕುರುಗೋಡಿನಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಇಂಗಾಲದ ಹರಳುಗಳ ಜೋಡಣೆಯನ್ನು ಚುಕ್ಕಿ-ಗೆರೆಗಳ ಗಣಿತದಿಂದ, ಅಂದರೆ ಗ್ರಾಫ್ ಥಿಯರಿಯಿಂದ, ವಿವರಿಸಿ ಪಿಎಚ್‌ಡಿ ಪಡೆದವಳು. ಆರು ವರ್ಷ ಕೂತು ಬರೆದ ಆ ಪ್ರಬಂಧವನ್ನು ಯಾರೂ ಓದಿರಲಿಲ್ಲ. ಬಳ್ಳಾರಿಯಲ್ಲಿ ನಡೆದ ಮೌಖಿಕ ಪರೀಕ್ಷೆಯಲ್ಲಿ ಅವಳಿಗೆ ಬಂದ ಒಂದೇ ಪ್ರಶ್ನೆ, ಎಡಗಡೆ ಮಾರ್ಜಿನ್ ಯಾಕೆ ಕಡಿಮೆಯಾಯಿತು ಎಂಬುದು.

ಹಾಗಾಗಿ ಮೈಕ್ ಸಿಕ್ಕಿದ್ದೇ ಕಾವೇರಿ ಬಿಡಲಿಲ್ಲ. ಒಂದೊಂದು ಪರಮಾಣುವನ್ನೂ ಒಂದು ಚುಕ್ಕಿ ಅಂದುಕೊಳ್ಳಿ ಎಂದಳು. ವಜ್ರದಲ್ಲಿ ಪ್ರತಿ ಚುಕ್ಕಿ ನಾಲ್ಕು ಚುಕ್ಕಿಗಳ ಕೈ ಹಿಡಿದಿರುತ್ತದೆ, ಪೆನ್ಸಿಲ್ ಕಡ್ಡಿಯಲ್ಲಿ ಮೂರರದ್ದು ಮಾತ್ರ. ಸರಕು ಒಂದೇ, ಜೋಡಣೆ ಬೇರೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ವಜ್ರವನ್ನು ಅದರ ಪಾಡಿಗೆ ಬಿಟ್ಟರೆ ಕೊನೆಗೆ ಅದೂ ಪೆನ್ಸಿಲ್ ಕಡ್ಡಿಯ ಸರಕೇ ಆಗುತ್ತದೆ ಎಂದೂ ಹೇಳಿದಳು. ಅದಕ್ಕೆ ಕೋಟ್ಯಂತರ ವರ್ಷ ಬೇಕು ಎನ್ನುವಷ್ಟರಲ್ಲಿ ಉಚ್ಚಂಗೆಪ್ಪ ಮೈಕಿನ ವೈರು ಕಿತ್ತಿದ್ದ.

ಮುಂದಿನ ಸಾಲಿನಲ್ಲಿ ದೇಶನೂರಿನ ಎರ್ರಮ್ಮ ಕೂತಿದ್ದಳು. ಭತ್ತ ಬೆಳೆಯುವ ಹೆಂಗಸು. ಎಪ್ಪತ್ತರ ವಯಸ್ಸಿನಲ್ಲಿ ತನಗೇ ಒಂದು ವಜ್ರದ ಮೂಗುತಿ ಬೇಕೆಂದು ಬಂದಿದ್ದಳು. ಹಾಕಿ ನೋಡುತ್ತಿದ್ದದ್ದನ್ನು ಬಿಚ್ಚಿ ಟ್ರೇಯಲ್ಲಿಟ್ಟಳು.

“ಸಾವ್ಕಾರ, ಮೂಗಿನ್ಯಾಗ ಇದ್ದಾಗ್ಲೇ ಪೆನ್ಸಿಲ್ ಆತಂದ್ರ ನನ್ನ ಮಾರಿ ಏನಾಗಬೇಕು? ಆಗಂಗಿಲ್ಲ ಅಂತ ಬರದು ಕೊಡ್ರಿ.”

ಉಚ್ಚಂಗೆಪ್ಪ ನಕ್ಕ, ಆಣೆ ಮಾಡಿದ, ಎರಡು ಸಲ ಜ್ಯೂಸ್ ತರಿಸಿದ. ಎರ್ರಮ್ಮ ಎರಡನ್ನೂ ಕುಡಿದಳು, ಮಾತು ಮಾತ್ರ ಬಿಡಲಿಲ್ಲ. ಹಿಂದೆ ಕೂತವರೂ ಆರಿಸಿದ್ದನ್ನು ಒಂದೊಂದಾಗಿ ವಾಪಸ್ ಇಡತೊಡಗಿದರು. ಕೊನೆಗೆ ಅವನು ಎಷ್ಟು ವರ್ಷ ಬರೆದರೆ ಅಪಾಯವಿಲ್ಲ ಎಂದು ಕಾವೇರಿಯನ್ನೇ ಕೇಳಿ, ಒಂದು ಕೋಟಿ ವರ್ಷದೊಳಗೆ ಪೆನ್ಸಿಲ್ ಆದರೆ ಬದಲಿಸಿ ಕೊಡಲಾಗುವುದು ಎಂದು ಲೆಟರ್‌ಹೆಡ್ಡಿನ ಮೇಲೆ ಬರೆದು ಸೀಲು ಒತ್ತಿದ. ಮಧ್ಯಾಹ್ನದೊಳಗೆ ಇನ್ನೂ ಒಂಬತ್ತು ಮಂದಿ ಅದೇ ಪತ್ರ ಕೇಳಿ, ಒಡವೆ ಕೊಂಡು ಹೋದರು.

ಅಂಗಡಿಯವರು ಹಾಕಿಸಿದ ಊಟಕ್ಕೆ ಕೂತಾಗ ಎರ್ರಮ್ಮ ಮೂಗುತಿ ಹಾಕಿಕೊಂಡೇ ಕಾವೇರಿಯ ಪಕ್ಕ ಬಂದಳು.

“ಒಳಗಿನ ಚುಕ್ಕಿಗಳು ಕೈ ಹಿಡಕೊಂಡಾವ, ಆತು. ಅಂಚಿನ್ಯಾಗ ಇರೋವು ಹೊರಗಿನ ಕೈ ಯಾರಿಗೆ ಕೊಟ್ಟಿರ್ತಾವ?”

ಪ್ರಬಂಧದಲ್ಲಿ ಲೆಕ್ಕ ಸುಲಭವಾಗಲೆಂದು ಕಾವೇರಿ ಹರಳು ಎಲ್ಲ ದಿಕ್ಕಿಗೂ ಕೊನೆಯಿಲ್ಲದೆ ಹಬ್ಬಿದೆ ಎಂದು ಇಟ್ಟುಕೊಂಡಿದ್ದಳು.

“ನಾ ಬರೆದದ್ದರಾಗ ಹರಳಿಗೆ ಅಂಚ ಇಲ್ಲಮ್ಮ.”

“ಅಂಚಿಲ್ಲದ್ದು ನನ್ನ ಮೂಗಿನ್ಯಾಗ ಹೆಂಗ ಹಿಡಿಸ್ತು?” ಎಂದ ಎರ್ರಮ್ಮ ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

ಕುರುಗೋಡಿಗೆ ಮರಳುವಾಗ ಬಸ್ಸಿನಲ್ಲಿ ಕಾವೇರಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಆ ವಾರವೇ ಅಂಚಿನ ಚುಕ್ಕಿಗಳ ಬಗ್ಗೆ ಹೊಸ ಲೇಖನಕ್ಕೆ ಕೂತಳು. ಮೊದಲ ಎರಡು ಪುಟವನ್ನು ತನ್ನ ಹಳೆಯ ಮಾರ್ಗದರ್ಶಕರಿಗೆ ವಾಟ್ಸಾಪ್ ಮಾಡಿದಳು. ಅವರಿಂದ ಗುಲಾಬಿ ಹೂವಿನ 'ಶುಭೋದಯ' ಬಂತು. ಕಾವೇರಿ ಫೋನ್ ಬೋರಲು ಹಾಕಿ ಮೂರನೇ ಪುಟ ಶುರು ಮಾಡಿದಳು.